ಜಾರ್ಜಿಯನ್ ಬಂಗಲೆಯ ಗೋಡೆಯೊಳಗೆ ನಾನು

ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಡ್ರೆಸ್ಡೆನ್ನಿನಲ್ಲಿ ಒಂಟಿಯಾಗಿರುವ ನನ್ನಂಥವನ ಬಾಯಿಯೂ ಮುಚ್ಚಿರುತ್ತದೆ. ಹೀಗಿರುವಾಗ ಎದುರುಮನೆಯ ಫ್ರಾವ್ ಲೇಮಾನ್, ಅಂದರೆ ಶ್ರೀಮತಿ ಲೇಮಾನ್, ಮೆಟ್ಟಿಲ ಬಳಿ ಸಿಕ್ಕು, "ಭಾನುವಾರ ಒಂದು ಹಳೆಯ ಬಂಗಲೆ ನೋಡಲು ಹೊರಟಿದ್ದೇನೆ, ಬರುತ್ತೀರಾ?" ಎಂದರು. ಅವರ ವಾಕ್ಯ ಮುಗಿಯುವ ಮೊದಲೇ ನಾನು ಒಪ್ಪಿದ್ದೆ. ಒಂದು ಮಧ್ಯಾಹ್ನ ಚೆನ್ನಾಗಿ ಕಳೆದರೆ, ಮುಂದೆ ಅವರು ನನ್ನ ಮನೆಯ ಬೆಲ್ ಒತ್ತಬಹುದು. ನನಗೆ ಬೇಕಾಗಿದ್ದುದು ಅಷ್ಟೇ.

ಇಂಗ್ಲೆಂಡಿನ ಮೇಲೆ ಮೋಹವಿದ್ದ ಯಾವನೋ ಜರ್ಮನ್ ಜಮೀನ್ದಾರ ಅಲ್ಲಿನ ಜಾರ್ಜಿಯನ್ ಶೈಲಿಯಲ್ಲೇ ಕಟ್ಟಿಸಿದ ಬಂಗಲೆ ಅದು. ಈಚೆಗೆ ಜೀರ್ಣೋದ್ಧಾರವಾಗಿ ಥಳಥಳಿಸುತ್ತಿತ್ತು. ಬಾಗಿಲಲ್ಲಿ ಒಂದು ಬುಟ್ಟಿ ತುಂಬ ದೊಡ್ಡ ದೊಡ್ಡ ಉಣ್ಣೆಯ ಚಪ್ಪಲಿಗಳು. ಹಳೆಯ ಮರದ ನೆಲಕ್ಕೆ ಗೀರು ಬೀಳದಂತೆ ಅವನ್ನು ಬೂಟಿನ ಮೇಲೆಯೇ ತೊಡಬೇಕು. ಅದನ್ನು ಹೇಳುವಷ್ಟು ಹೊತ್ತು ನಾನು ಕಾಯಲಿಲ್ಲ. ಹೊಸ್ತಿಲು ಕಂಡ ಕೂಡಲೇ ಪಾದರಕ್ಷೆ ಕಳಚುವ ಕಾಲುಗಳು ನಮ್ಮವು! ಬೂಟು ಬಿಚ್ಚಿ ಗೋಡೆಗೆ ಒರಗಿಸಿ, ಬರೀ ಕಾಲುಚೀಲದಲ್ಲಿ ಆ ದೋಣಿಗಳೊಳಗೆ ಇಳಿದೆ. ಫ್ರಾವ್ ಲೇಮಾನ್ ಸುಮ್ಮನೆ ನೋಡಿದರು. ಮೆಚ್ಚುಗೆಯೆಂದುಕೊಂಡೆ.

ಗೈಡ್ ಹೆಂಗಸು ಅತಿಥಿಗಳನ್ನು ಕೂರಿಸುವ ದೊಡ್ಡ ಹಜಾರದಲ್ಲಿ ಅಮೃತಶಿಲೆಯ ಬೆಂಕಿಗೂಡು ತೋರಿಸಿದಳು. ಮೇಲಕ್ಕೆ ಸರಿಯುವ ಕಿಟಕಿಗಳನ್ನು ತೋರಿಸಿದಳು. ಎಲ್ಲರೂ ಪಕ್ಕದ ಕೋಣೆಗೆ ಹೊರಟರು. ಕೊನೆಯವನಾಗಿ ನಾನು ಚಾವಣಿಯ ಗಾರೆ ಹೂಬಳ್ಳಿಗಳತ್ತ ಕತ್ತೆತ್ತಿದೆ. ಕಾಲು ಜಾರಿತು. ಹಸಿರು ಕಾಗದ ಅಂಟಿಸಿದ ಗೋಡೆಗೆ ಭುಜ ಬಡಿಯಿತು. ಗೋಡೆ ತೆರೆಯಿತು. ನಾನು ಒಳಗೆ ಹೋದೆ. ಗೋಡೆ ಮುಚ್ಚಿತು!

ಅದು ಆಳುಗಳು ಓಡಾಡಲು ಮಾಡಿದ ಗುಪ್ತ ಬಾಗಿಲು. ಒಳಗೆ ಕತ್ತಲೆಯ ಓಣಿ. ಹಿಡಿಕೆ ಇರಬೇಕಾದಲ್ಲಿ ಒಂದು ತೂತು. ಜೀರ್ಣೋದ್ಧಾರ ಇನ್ನೂ ಅಲ್ಲಿಯವರೆಗೆ ಬಂದಿರಲಿಲ್ಲ.

ಮರ್ಯಾದೆಯಾಗಿ ತಟ್ಟಿದೆ. ಆಚೆಯಿಂದ ಗೈಡಿನ ದನಿ ಕೇಳಿಸಿತು: "ಹಳೆಯ ಮರ ನೋಡಿ, ಚಳಿಗೆ ಹೀಗೆ ಸದ್ದು ಮಾಡುತ್ತದೆ." ಎಲ್ಲರೂ "ಆಹಾ" ಎಂದರು. ಆ ಆಹಾದಲ್ಲಿ ಫ್ರಾವ್ ಲೇಮಾನರದೂ ಇತ್ತು. 'ನನ್ನ ನೆರೆಯವರೆಲ್ಲಿ?' ಎಂದು ಅವರು ಕೇಳುವುದನ್ನೇ ಕಾದೆ. ಹೆಜ್ಜೆಗಳು ದೂರವಾದವು.

ಎಷ್‌ಬಾರ್ನ್‌ನಲ್ಲಿರುವ ಗೆಳೆಯ ಮಂಜುವಿಗೆ ಫೋನ್ ಮಾಡಿದೆ.

"ಮಂಜು, ಗೋಡೆಯೊಳಗೆ ಸಿಕ್ಕಾಕೊಂಡಿದ್ದೀನಿ ಕಣೋ."

"ಯಾವ ಗೋಡೆ ಗುರು? ಮಧ್ಯಾಹ್ನಾನೇ ಶುರು ಮಾಡ್ಕೊಂಡ್ಯಾ?"

"ನಿಜ ಮಾರಾಯ. ಬಾಗಿಲಿಗೆ ಹ್ಯಾಂಡಲ್ಲೇ ಇಲ್ಲ."

"ಜೊತೇಲಿ ಯಾರೋ ನೇಬರ್ ಅಂದಿದ್ಯಲ್ಲ, ಅವ್ರಿಗೆ ಕಾಲ್ ಮಾಡು."

"ನಂಬರ್ ಇಲ್ಲ."

"ಎದುರುಬದುರು ಇದ್ದು ನಂಬರ್ ಇಲ್ವಾ! ಎಷ್ಟು ವರ್ಷ ಆಯ್ತು ಆ ಮನೇಲಿ?"

"ಅದಿರ್ಲಿ, ಈಗ ಏನ್ ಮಾಡ್ಲಿ ಹೇಳು."

"ಸರಿ, ಜೋರಾಗಿ ಕಿರುಚು ಗುರು. ನನ್ನ ಎಸ್-ಬಾನ್ ಟ್ರೇನ್ ಬಂತು, ಇಡ್ತೀನಿ."

ಕಿರುಚಲು ಬಾಯಿ ತೆರೆದೆ. ಅಷ್ಟರಲ್ಲಿ ಆಚೆ ಮುಂದಿನ ತಂಡದ ಸದ್ದು. "ಕರೆ ಬರುವವರೆಗೂ ಆಳುಗಳು ಇಲ್ಲಿ ತುಟಿ ಬಿಚ್ಚದೆ ಕಾಯುತ್ತಿದ್ದರು" ಎನ್ನುತ್ತ ಇನ್ನೊಬ್ಬ ಗೈಡ್ ಬಾಗಿಲು ತಳ್ಳಿದ. ಕಾಯುತ್ತಿದ್ದೆ!

ತಂಡವೆಲ್ಲ ಚಪ್ಪಾಳೆ ತಟ್ಟಿತು. ಒಬ್ಬ ಮುದುಕರು, "ವುಂಡರ್‌ಬಾರ್! ಎಂಥ ಸಹಜ ನಟನೆ!" ಎಂದರು. ಏನು ಮಾಡಲಿ, ತಲೆ ಬಾಗಿಸಿ ವಂದಿಸಿದೆ.

ಫ್ರಾವ್ ಲೇಮಾನ್ ಕೆಫೆಯಲ್ಲಿ ಕೇಕ್ ತಿನ್ನುತ್ತಿದ್ದರು.

"ಓ, ನೀವಾ! ಮನೆಗೆ ಹೋದಿರೆಂದುಕೊಂಡೆ."

"ಬೂಟು ಬಿಟ್ಟು ಹೇಗೆ ಹೋಗಲಿ?"

"ಅದನ್ನು ಬಿಚ್ಚಿಟ್ಟವರು ನೀವೇ ಅಲ್ಲವೇ? ನಿಮ್ಮಲ್ಲಿ ಬೂಟಿಲ್ಲದೆಯೇ ನಡೆಯುವ ಪದ್ಧತಿ ಇರಬಹುದು ಅಂದುಕೊಂಡೆ."

ವಾಪಸು ಬರುವ ದಾರಿಯುದ್ದಕ್ಕೂ ಅವರು ಬಸ್ಸಿನ ಕಿಟಕಿಯಾಚೆ ನೋಡಿದರು. ಮನೆಯ ಮುಂದೆ "ಚ್ಯೂಸ್" ಎಂದು ವಿದಾಯ ಹೇಳಿ ಬಾಗಿಲು ಹಾಕಿಕೊಂಡರು.

ಆ ವಾರವೆಲ್ಲ ನನ್ನ ಬೆಲ್ ಸುಮ್ಮನಿತ್ತು. ಶನಿವಾರ ಸದ್ದು ಮಾಡಿತು! ಎದ್ದುಬಿದ್ದು ಓಡಿದೆ. ಪಾರ್ಸೆಲ್ಲಿನವನು. "ಫ್ರಾವ್ ಲೇಮಾನ್ ಮನೆಯಲ್ಲಿಲ್ಲ. ಇದನ್ನು ನೀವು ಇಟ್ಟುಕೊಳ್ಳುತ್ತೀರಾ?"

ಎರಡೂ ಕೈಯಲ್ಲಿ ಬಾಚಿಕೊಂಡೆ. ಸೋಫಾದ ಮೇಲೆ ಕೂರಿಸಿ, ಇಬ್ಬರಿಗಾಗುವಷ್ಟು ಡಿಕಾಕ್ಷನ್ ಹಾಕಿದೆ. ಗೋಡೆಯೊಳಗೆ ಹೋದ ನೆರೆಯವನನ್ನು ಯಾರೂ ಹುಡುಕದಿರಬಹುದು. ಪಾರ್ಸೆಲ್ಲನ್ನು ಹುಡುಕಿಕೊಂಡು ಬರಲೇಬೇಕಲ್ಲ!