‘ವಿಪರೀತ ಬೆವರುತ್ತಿದ್ದರು’ ಎಂದು ವರದಿ ಬರೆದ ಅಧೀಕ್ಷಕರಿಗೆ

ಶ್ರೀ ರುದ್ರಪ್ರಸಾದ್ ಅವರ ಸನ್ನಿಧಿಗೆ,
ನೇಮಕಾತಿ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರು, ರಾಮನಗರ.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಅಧಿಕಾರ ಮತ್ತು ತಮ್ಮ ಮೇಜಿನ ಪಕ್ಕದ ಸ್ಟ್ಯಾಂಡ್ ಫ್ಯಾನು, ಈ ಮೂರೂ ಸುಸ್ಥಿತಿಯಲ್ಲಿವೆ ಎಂದು ನಂಬಿ, ತಲೆಬಾಗಿ ನಮಸ್ಕರಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ತಲೆಬಾಗಿದಾಗ ಹಾಳೆಯ ಮೇಲೆ ಒಂದೆರಡು ಹನಿ ಬಿದ್ದಿದ್ದರೆ ದಯಮಾಡಿ ಅದನ್ನು ತಪ್ಪೊಪ್ಪಿಗೆ ಎಂದು ಓದಬಾರದೆಂದು ಕೋರುತ್ತೇನೆ. ತಮಗೆ ಆ ಅಭ್ಯಾಸವಿರುವುದರಿಂದ ಮೊದಲೇ ಹೇಳಬೇಕಾಯಿತು.

ಕಳೆದ ವರ್ಷದ ಏಪ್ರಿಲ್‌ನಲ್ಲಿ ತಾವು ಒಂದೇ ದಿನ ನಾನೂರು ಅಭ್ಯರ್ಥಿಗಳ ಮುಖ ನೋಡಿದವರು, ನನ್ನದು ನೆನಪಿರಲಾರದು. ನಾನು ಮರಳವಾಡಿಯ ಮುನಿತಾಯಮ್ಮನವರ ಮಗಳು, ನಯನ. ನನ್ನ ತಾಯಿಗೆ ಮೂವತ್ತು ಕುರಿಗಳಿವೆ, ನನಗೆ ಒಂದು ಹೊಲಿಗೆ ಯಂತ್ರವೂ ಒಂದು ಬಿ.ಎ. ಪದವಿಯೂ ಇವೆ. ಇವುಗಳ ಜೊತೆಗೆ, ಹದಿಮೂರನೆಯ ವಯಸ್ಸಿನಿಂದ ನನ್ನ ಮುಖ ಬೆವರುತ್ತದೆ. ಕೈಯಲ್ಲ, ಕಾಲಲ್ಲ, ಮುಖ ಮಾತ್ರ. ಧನುರ್ಮಾಸದ ಬೆಳಗಿನಲ್ಲಿ ಊರವರು ಕಂಬಳಿ ಹೊದ್ದು ಬೆಂಕಿ ಕಾಯುತ್ತಿದ್ದರೆ ನಾನು ಅವರ ನಡುವೆ ಈಗಷ್ಟೇ ಬಾವಿಯಿಂದ ಮೇಲೆದ್ದವಳ ಹಾಗೆ ನಿಂತಿರುತ್ತೇನೆ. ಹಣೆಗಿಟ್ಟ ಸ್ಟಿಕ್ಕರ್ ಮಧ್ಯಾಹ್ನದೊಳಗೆ ಮೂಗಿನವರೆಗೆ ಜಾರುತ್ತದೆ, ಪೌಡರ್ ಹಾಕಿದರೆ ಅದು ರಾಗಿಹಿಟ್ಟಿಗೆ ನೀರು ಸೋಕಿದಂತೆ ಗಂಟುಕಟ್ಟುತ್ತದೆ. ಕನಕಪುರದ ಬಸ್ಸಿನಲ್ಲಿ ನಾನು ಇನ್ನೇನು ತಲೆಸುತ್ತಿ ಬೀಳುತ್ತೇನೆಂದು ತಿಳಿದು ಮುದುಕರೂ ಎದ್ದು ಸೀಟು ಬಿಟ್ಟುಕೊಟ್ಟಿದ್ದಾರೆ. ಗಿರಾಕಿಯೊಬ್ಬರ ರೇಷ್ಮೆ ಕುಪ್ಪಸದ ಮೇಲೆ ಒಂದು ಹನಿ ಬಿದ್ದು ಕಲೆಯಾದ ಮೇಲೆ, ಹಣೆಗೆ ಟವೆಲ್ಲಿನ ಪಟ್ಟಿ ಕಟ್ಟಿಕೊಂಡೇ ಹೊಲಿಯುವುದನ್ನು ಕಲಿತೆ. ಸಿಕ್ಕವರೆಲ್ಲ ಹೇಳಿದ ಬೇವಿನ ನೀರು, ಗಂಧ, ಮುಲ್ತಾನಿ ಮಣ್ಣು, ಯಾವುದನ್ನೂ ನನ್ನ ತಾಯಿ ಬಿಡಲಿಲ್ಲ. ನನ್ನ ಮುಖವೂ ತನ್ನ ಹಟ ಬಿಡಲಿಲ್ಲ.

ಆದ್ದರಿಂದ ನನಗೆ ಕರವಸ್ತ್ರವೆಂದರೆ ಅಲಂಕಾರವಲ್ಲ, ಕುಂಟುವವರಿಗೆ ಕೋಲು ಇದ್ದ ಹಾಗೆ. ಆ ಬೆಳಿಗ್ಗೆ ತಮ್ಮ ಕೇಂದ್ರದ ಗೇಟಿನಲ್ಲಿ ನನ್ನ ದುಪಟ್ಟಾ ತೆಗೆಸಿದರು, ಕೊಟ್ಟೆ. ಕಿವಿಯ ಓಲೆ ತೆಗೆಸಿದರು, ಕೊಟ್ಟೆ. ಕರವಸ್ತ್ರ ಕೇಳಿದಾಗ ಮಾತ್ರ, ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದ ತಮ್ಮ ಹತ್ತಿರ ಬಂದು ಬೇಡಿಕೊಂಡೆ.

“ಸಾರ್, ನಂಗೆ ಮಕ ಬಾಳ ಬೆವರ್ತದೆ. ಇದೊಂದ್ ಬುಟ್‌ಬುಡಿ ಸಾರ್, ಬೇಕಾರೆ ಬಿಚ್ಚಿ ಒದ್ರಿ ನೋಡ್ಕಳಿ.”

“ಏಪ್ರಿಲ್ ತಿಂಗಳಲ್ಲಿ ಯಾರಿಗಮ್ಮ ಬೆವರಲ್ಲ? ರೂಲ್ಸ್ ಅಂದ್ರೆ ರೂಲ್ಸ್,” ಎಂದು ತಾವು ನ್ಯಾಯ ಹೇಳಿದಿರಿ. ಹೇಳುವಾಗ ತಮ್ಮ ಕೊರಳಲ್ಲಿದ್ದ ಬಿಳಿ ಟವೆಲ್ಲಿನಿಂದ ತಮ್ಮ ಕುತ್ತಿಗೆಯನ್ನು ಎರಡು ಸಲ ಒರೆಸಿಕೊಂಡಿರಿ. ಆ ನಿಯಮಪಾಲನೆಯನ್ನು ಕಣ್ಣಾರೆ ಕಂಡ ಪುಣ್ಯ ನನ್ನದು.

ತಗಡಿನ ಸೂರಿನ ಹದಿನೇಳನೆಯ ಕೊಠಡಿಯಲ್ಲಿ ನಾನು ಎರಡನೆಯ ಸಾಲಿನಲ್ಲಿ ಕುಳಿತೆ. ಕಿರಿಯ ಸಹಾಯಕಿಯ ಹುದ್ದೆಗೆ ಅದು ನನ್ನ ಮೂರನೆಯ ಪ್ರಯತ್ನ. ಹಿಂದಿನ ಸಲ ಎರಡೇ ಅಂಕದಲ್ಲಿ ತಪ್ಪಿಹೋಗಿತ್ತು. ಒಂದು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು ಓದಿದ್ದೆ. ಪ್ರಶ್ನೆಪತ್ರಿಕೆ ತೆರೆದಾಗ ಗೊತ್ತಿರುವುದೇ ಹೆಚ್ಚು ಕಂಡು ನನಗೆ ಖುಷಿಯಾಯಿತು, ಮತ್ತು ನನ್ನ ಮುಖ ಖುಷಿಗೂ ಬೆವರುತ್ತದೆ. ಇಪ್ಪತ್ತನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಗಲ್ಲದ ತುದಿಯಿಂದ ಹನಿಗಳು ಓಎಂಆರ್ ಹಾಳೆಯ ಮೇಲೆ ಬೀಳತೊಡಗಿದವು. ತಮ್ಮ ನಿಯಮದಂತೆ ತೊಟ್ಟ ಅರ್ಧ ತೋಳಿನ ಕುರ್ತಾ ಮುಖದವರೆಗೆ ಬರಲಿಲ್ಲ. ಅಂಗೈಯಿಂದ ಒರೆಸಿದೆ, ಅಂಗೈ ಒದ್ದೆಯಾಯಿತು, ಅಂಗೈಯಿಂದ ಹಾಳೆ ಒದ್ದೆಯಾಯಿತು. ಒದ್ದೆ ಕಾಗದದ ಮೇಲೆ ಪೆನ್ನು ಮೂಡಲಿಲ್ಲ, ಒತ್ತಿದೆ, ಇಪ್ಪತ್ತಾರನೆಯ ಪ್ರಶ್ನೆಯ ಹತ್ತಿರ ಹಾಳೆ ಹರಿಯಿತು.

ಕೊಠಡಿಯ ಮೇಲ್ವಿಚಾರಕಿ ಸುಮನಾ ಮೇಡಂ ಬೇರೆ ಹಾಳೆ ಕೊಡಬಹುದೇ ಎಂದು ತಮ್ಮನ್ನು ಕೇಳಲು ಹೇಳಿಕಳುಹಿಸಿದರು. ತಾವು ಹಾಳೆಯ ಬದಲು ತಾವೇ ಬಂದಿರಿ. ಬಂದು, ನನ್ನ ಹಾಳೆಯನ್ನು ನೋಡದೆ ನನ್ನ ಮುಖವನ್ನು ನೋಡಿದಿರಿ.

“ಏನಿಟ್ಕೊಂಡಿದೀಯ, ತೆಗಿ,” ಎಂದಿರಿ.

“ಏನೂ ಇಲ್ಲ ಸಾರ್.”

“ಏನೂ ಇಲ್ದೆ ಹಿಂಗ್ ಬೆವರ್ತಾರಾ? ಇಪ್ಪತ್ತೆಂಟು ವರ್ಷದಿಂದ ನೋಡ್ತಿದೀನಮ್ಮ ನಿಮ್ಮಂಥೋರನ್ನ.”

ಪೊಲೀಸಮ್ಮನನ್ನು ಕರೆಸಿದಿರಿ. ಪಕ್ಕದ ಕೋಣೆಯಲ್ಲಿ ಆಕೆ ನನ್ನ ಜಡೆಯನ್ನು ಬಿಚ್ಚಿ ನೋಡಿದಳು, ಚಪ್ಪಲಿಯ ಅಟ್ಟೆ ಬಗ್ಗಿಸಿ ನೋಡಿದಳು, ಮುಟ್ಟಬಾರದಲ್ಲೆಲ್ಲ ಮುಟ್ಟಿ ನೋಡಿದಳು. ಕೊನೆಗೆ, “ಏನೂ ಇಲ್ಲ ಕಣವ್ವ, ಪಾಪ, ಹೋಗು,” ಎಂದು ತನ್ನದೇ ಕೈಯಿಂದ ನನ್ನ ಕೂದಲನ್ನು ಗಂಟು ಹಾಕಿ ಕಳುಹಿಸಿದಳು. ಇಪ್ಪತ್ತೈದು ನಿಮಿಷ ಕಳೆದಿತ್ತು. ಕೊಠಡಿಗೆ ಮರಳಿದಾಗ ಇಪ್ಪತ್ತಮೂರು ಜನ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕದ್ದವಳಲ್ಲವೆಂದು ಅವರಿಗೆ ಯಾರೂ ಹೇಳಲಿಲ್ಲ. ಉಳಿದ ಪ್ರಶ್ನೆಗಳನ್ನು ಹೇಗೆ ತುಂಬಿದೆನೋ ನನಗೆ ನೆನಪಿಲ್ಲ. ಆ ಹರಿದ ಹಾಳೆ ಮುಂದೆ ಅಸಿಂಧುವಾಯಿತು.

ಕೊಠಡಿಯ ಹೊರಗೆ ಕುಡಿಯುವ ನೀರಿನ ಮಣ್ಣಿನ ಮಡಕೆಯೊಂದಿತ್ತು. ಅದೂ ಆ ಹೊತ್ತಿನಲ್ಲಿ ಮೈಯೆಲ್ಲ ಬೆವರಿ ನಿಂತಿತ್ತು. ತಮ್ಮಂಥ ಸೂಕ್ಷ್ಮಮತಿಗಳು ಅದರೊಳಗೂ ಕೈಹಾಕಿಸಿ ಚೀಟಿಗಳಿಗಾಗಿ ಹುಡುಕಿಸದೆ ಬಿಟ್ಟದ್ದು ಇಲಾಖೆಗೆ ಆದ ನಷ್ಟವೆಂದೇ ನನ್ನ ಅಭಿಪ್ರಾಯ.

ಮನೆಗೆ ಬಂದು ಮೂರು ದಿನ ನಾನು ಯಂತ್ರದ ಮುಂದೆ ಕೂರಲಿಲ್ಲ. ನನ್ನ ತಾಯಿ ಕುರಿಗಳನ್ನು ಅಕ್ಕಪಕ್ಕದವರಿಗೆ ಒಪ್ಪಿಸಿ, ನನ್ನನ್ನು ಕನಕಪುರದ ಚರ್ಮದ ವೈದ್ಯೆ ಡಾ. ಜಹೀದಾ ಅವರಲ್ಲಿಗೆ ಕರೆದೊಯ್ದರು. ಮುಖದ ಬೆವರಿಗೆ ಡಾಕ್ಟರ ಹತ್ತಿರ ಹೋಗಬಹುದೆಂಬುದು ಹದಿನಾರು ವರ್ಷ ನಮಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದ್ದು ತಾವು, ಅದಕ್ಕೆ ನಾನು ಕೃತಜ್ಞಳು.

“ಡಾಕ್ಟ್ರಮ್ಮ, ಇವ್ಳಿಗೆ ಎದೆ ಪುಕ್ಲು ಅಂತಾರೆ. ಎದರ್ಕಂಡೇ ಇಂಗ್ ಬೆವರಾದಾ?” ಎಂದು ನನ್ನ ತಾಯಿ ಕೇಳಿದರು.

“ಇಲ್ಲಮ್ಮ. ಹೆದರಿ ಬೆವರೋದು ಬೇರೆ. ಇವಳಿಗೆ ಬೆವರು ಮೊದಲು ಬರುತ್ತೆ, ಜನ ನೋಡ್ತಾರಲ್ಲ ಅಂತ ಹೆದರಿಕೆ ಆಮೇಲೆ ಬರುತ್ತೆ, ಅದರಿಂದ ಇನ್ನೊಂದಿಷ್ಟು ಬೆವರು,” ಎಂದು ಅವರು ನಕ್ಕರು. ಥೈರಾಯ್ಡ್, ಸಕ್ಕರೆ ಎರಡನ್ನೂ ಪರೀಕ್ಷಿಸಿದರು, ಎರಡೂ ಸರಿಯಿದ್ದವು. ಬೆವರಿನ ಗ್ರಂಥಿಗಳಿಗೆ ನರಗಳು ಬೇಕಾದ್ದಕ್ಕಿಂತ ಹೆಚ್ಚು ಸುದ್ದಿ ಕಳುಹಿಸುತ್ತವೆ, ಇದಕ್ಕೆ ಹೈಪರ್‌ಹೈಡ್ರೋಸಿಸ್ ಎನ್ನುತ್ತಾರೆ, ಇದು ಯಾರ ತಪ್ಪೂ ಅಲ್ಲ ಎಂದರು. ತಮ್ಮ ಇಪ್ಪತ್ತೆಂಟು ವರ್ಷದ ಅನುಭವಕ್ಕೆ ದಕ್ಕದ ಈ ವಿಷಯವನ್ನು ಆಕೆ ಹತ್ತು ನಿಮಿಷದಲ್ಲಿ ನನ್ನ ತಾಯಿಗೆ ಅರ್ಥವಾಗುವಂತೆ ಹೇಳಿದರು. ನನ್ನ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಚಿಕಿತ್ಸೆ ಮದ್ದು ನುಂಗಿದೊಡನೆ ಮುಗಿಯುವ ಕಥೆಯಾಗಿರಲಿಲ್ಲ. ಹಣೆಗೆ ಹಚ್ಚುವ ಮೊದಲ ಔಷಧ ಮೆಣಸಿನಪುಡಿ ಸವರಿದಂತೆ ಉರಿಯಿತು, ಬಿಡಿಸಿದರು. ಆಮೇಲೆ ಕೊಟ್ಟ ಮಾತ್ರೆಯಿಂದ ಮುಖ ಒಣಗಿತು, ಜೊತೆಗೆ ಬಾಯಿಯೂ ಒಣಗಿ, ಮುದ್ದೆ ಗಂಟಲಲ್ಲೇ ಕೂತು ನೀರು ಕುಡಿದರೂ ಇಳಿಯದಾಯಿತು. ಹತ್ತಿರದ್ದು ಮಂಜಾಗಿ ಸೂಜಿಗೆ ದಾರ ಪೋಣಿಸಲು ನನ್ನ ತಾಯಿಯನ್ನು ಕರೆಯಬೇಕಾಯಿತು. ಡಾಕ್ಟರು ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಹಣೆಗೆ ಸೂಜಿಮದ್ದು ಹಾಕುವ ದಾರಿಯೂ ಇದೆ, ಆದರೆ ಕೆಲವು ತಿಂಗಳಿಗೆ ಅದರ ಬಲ ತೀರುತ್ತದೆ, ಸದ್ಯಕ್ಕೆ ಇದೇ ಸಾಕು ಎಂದರು. ಎರಡು ತಿಂಗಳಾಗುವ ಹೊತ್ತಿಗೆ ಹೊಳೆಯಂತೆ ಹರಿಯುತ್ತಿದ್ದದ್ದು ಹನಿಹನಿಯಾಗಿ ಜಿನುಗುವಷ್ಟಕ್ಕೆ ಬಂತು. ಪೂರ್ತಿ ನಿಂತಿಲ್ಲ, ನಿಲ್ಲುತ್ತದೆಂದು ಆಕೆ ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ಆದರೆ ಒಂದು ಪ್ರಮಾಣಪತ್ರ ಬರೆದುಕೊಟ್ಟು, “ಹೋಗು, ಕೇಳು. ನೀನು ಬೆವರಿದ್ದಕ್ಕೆ ಅವರು ಬರೆದದ್ದೇನು ಅಂತ ಮೊದಲು ತರಿಸಿ ಓದು,” ಎಂದರು.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ತಮ್ಮ ವರದಿಯ ಪ್ರತಿ ತರಿಸಿದೆ. “ಅಭ್ಯರ್ಥಿಯ ವರ್ತನೆ ಅನುಮಾನಾಸ್ಪದವಾಗಿದ್ದು, ವಿಪರೀತ ಬೆವರುತ್ತಿದ್ದರು.” ಅಷ್ಟೇ. ತಪಾಸಣೆಯಲ್ಲಿ ಏನೂ ಸಿಗಲಿಲ್ಲವೆಂಬ ಸಾಲನ್ನು ಜಾಗದ ಅಭಾವದಿಂದ ಬಿಟ್ಟಿರಬೇಕು. ಕೆಳಗೆ ಅರ್ಧ ಪುಟ ಖಾಲಿಯಿತ್ತು. ಆ ಒಂದು ವಾಕ್ಯ ಹಾಗೇ ಉಳಿದರೆ ನಾನು ಮುಂದೆ ಯಾವ ಪರೀಕ್ಷೆಯನ್ನೂ ಬರೆಯದಂತೆ ತಡೆಯಬಹುದೆಂದು ಕಚೇರಿಯವರು ತಿಳಿಸಿದರು. ಆಮೇಲೆ ನಾನು ಕೊಟ್ಟ ಮನವಿ ಮೂರು ಮೇಜು ದಾಟಿ, ಆಗಸ್ಟ್‌ನಲ್ಲಿ ಹಿರಿಯ ಅಧಿಕಾರಿಯೊಬ್ಬರ ಮುಂದೆ ನಮ್ಮಿಬ್ಬರನ್ನೂ ವಿಚಾರಣೆಗೆ ಕರೆದರು.

“ಬೆವರಿದ್ದು ಬಿಟ್ಟು ಬೇರೆ ಏನು ಸಿಕ್ತು, ಹೇಳಿ,” ಎಂದು ಆ ಅಧಿಕಾರಿ ತಮ್ಮನ್ನು ಕೇಳಿದರು.

“ಸರ್, ಮುಖ ನೋಡಿದ್ರೇ ಗೊತ್ತಾಗುತ್ತೆ ಸರ್. ಅನುಭವ,” ಎಂದಿರಿ.

ಆಗ ಎದ್ದು ನಿಂತವರು, ಸಾಕ್ಷಿಯಾಗಿ ಕರೆಸಿದ್ದ ಸುಮನಾ ಮೇಡಂ. ಅವರು ತಮ್ಮದೇ ಕಾಲೇಜಿನಲ್ಲಿ, ತಮ್ಮ ಕೈಕೆಳಗೇ ಪಾಠ ಮಾಡುವವರು. “ಸರ್, ನಾನು ಮೊದಲಿಂದ ಕೊನೇವರೆಗೂ ಇವಳ ಪಕ್ಕದಲ್ಲೇ ಇದ್ದೆ. ಈ ಹುಡುಗಿ ಏನೂ ಮಾಡಿಲ್ಲ. ಹಾಳೆ ಒದ್ದೆ ಆಗ್ತಿದ್ದಾಗ ನನ್ನ ಕೈಲಿ ಕರ್ಚೀಫ್ ಇತ್ತು. ಕೊಡಬೇಕು ಅನ್ನಿಸ್ತು. ಇವರಿಗೆ ಹೆದರಿ ಕೊಡಲಿಲ್ಲ. ಅದನ್ನೂ ಬರ್ಕೊಳಿ ಸರ್.”

ನನಗೆ ಅಳು ಬಂತು. ನನ್ನ ಮುಖ ನನಗೆ ಮಾಡಿರುವ ಒಂದೇ ಉಪಕಾರವೆಂದರೆ, ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ.

ತಮ್ಮ ವಾಕ್ಯವನ್ನು ಕಡತದಿಂದ ಹೊಡೆದುಹಾಕಲಾಯಿತು. ಅಸಿಂಧುವಾದ ಹಾಳೆ ಮಾತ್ರ ಅಸಿಂಧುವಾಗಿಯೇ ಉಳಿಯಿತು, ಕಳೆದ ವರ್ಷ ಕಳೆದೇ ಹೋಯಿತು. ತಾವು ಕ್ಷಮೆ ಕೇಳಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ದೊಡ್ಡವರ ಸಮಯ ಹಾಳು ಮಾಡಿದೆನೆಂದು ನನಗೇ ಬುದ್ಧಿ ಹೇಳಿ ಹೊರಗೆ ಬಂದಿರಿ. ವರಾಂಡದಲ್ಲಿ ಕಾಯುತ್ತಿದ್ದ ನನ್ನ ತಾಯಿ ತಮ್ಮನ್ನು ತಡೆದು ಕೈಮುಗಿದು ಕೇಳಿದ್ದನ್ನು ತಾವು ಕೇಳಿಸಿಕೊಳ್ಳದವರಂತೆ ಹೋದದ್ದರಿಂದ ಇಲ್ಲಿ ದಾಖಲಿಸುತ್ತೇನೆ.

“ಸ್ವಾಮಿ, ಬೆವರಾದು ನನ್ ಮಗಳ ಮೈಗುಣ, ಡಾಕ್ಟ್ರಮ್ಮ ಮದ್ದು ಕೊಟ್ಟವ್ರೆ. ನಾಚ್ಕೆ ಬರ್ದೆ ಇರಾದ್ನ ಯಾವ ಡಾಕ್ಟ್ರಿಗೆ ತೋರುಸ್ಬೇಕು, ಒಸಿ ಯೋಳಿ.”

ತಮ್ಮ ಅನುಭವ ಹೀಗೆ ಒಬ್ಬಳ ಮೇಲೆ ವ್ಯರ್ಥವಾಗಬಾರದೆಂಬ ಕಾಳಜಿಯಿಂದ ಕೆಲವು ವಿನಂತಿಗಳನ್ನು ಮುಂದಿಡುತ್ತಿದ್ದೇನೆ. ಎಷ್ಟು ಹನಿಯವರೆಗೆ ಅಭ್ಯರ್ಥಿ ಪ್ರಾಮಾಣಿಕ, ಎಷ್ಟನೆಯ ಹನಿಯಿಂದ ಕಳ್ಳ ಎಂಬುದನ್ನು ತಾವು ಸುತ್ತೋಲೆಯಲ್ಲಿ ಪ್ರಕಟಿಸಿದರೆ ನಾವು ಮನೆಯಲ್ಲೇ ಎಣಿಸಿಕೊಂಡು ಬರುತ್ತೇವೆ. ಪ್ರತಿ ಕೊಠಡಿಗೂ ಹನಿ ಎಣಿಸುವ ಗುಮಾಸ್ತರೊಬ್ಬರನ್ನು ನೇಮಿಸಿದರೆ ಇನ್ನೊಂದಿಷ್ಟು ಹುದ್ದೆಗಳಾದರೂ ಹುಟ್ಟುತ್ತವೆ. ಏಪ್ರಿಲ್ ತಿಂಗಳ ಸೂರ್ಯನಿಗೆ ನೋಟಿಸ್ ಕೊಟ್ಟು, ಪರೀಕ್ಷೆಯ ಮೂರು ಗಂಟೆ ಕಾಲ ರಾಮನಗರದ ಬಂಡೆಗಳನ್ನು ಕಾಯಿಸಬಾರದೆಂದು ತಾಕೀತು ಮಾಡುವುದು ತಮ್ಮ ಕೈಯಲ್ಲಿ ಮಾತ್ರ ಸಾಧ್ಯ. ಇವು ಯಾವುದೂ ಆಗದಿದ್ದರೆ, ಬಿಚ್ಚಿ ಒದರಿ ನೋಡಿದ ಒಂದು ತುಂಡು ಬಟ್ಟೆಯನ್ನು ಒಳಗೆ ಬಿಡುವುದು ಹೇಗೆಂಬುದನ್ನು ಚನ್ನಪಟ್ಟಣದವರನ್ನು ಕೇಳಬಹುದು. ಈ ಫೆಬ್ರವರಿಯಲ್ಲಿ ನಾನು ಅಲ್ಲಿ ಮತ್ತೆ ಪರೀಕ್ಷೆ ಬರೆದೆ. ಗೇಟಿನಲ್ಲಿದ್ದವರು ಡಾಕ್ಟರ ಚೀಟಿ ಓದಿ, “ಆಯ್ತು, ಒಳಕ್ಕೋಗವ್ವ,” ಎಂದರು. ಅರ್ಧ ನಿಮಿಷ ಹಿಡಿಯಿತು. ಆಕಾಶ ಕಳಚಿ ಬೀಳಲಿಲ್ಲ.

ಹೋದ ವಾರ ಆಯ್ಕೆಪಟ್ಟಿ ಬಂತು. ಹದಿನೊಂದನೆಯ ಹೆಸರು ನನ್ನದು. ಮಾಗಡಿಯ ಕಚೇರಿಯೊಂದರಲ್ಲಿ ಕಿರಿಯ ಸಹಾಯಕಿಯಾಗಿ ಸೇರುತ್ತಿದ್ದೇನೆ. ಅಲ್ಲಿಯೂ ಬೆವರುತ್ತೇನೆ, ಎಲ್ಲರ ಎದುರಿಗೇ ಬೆವರುತ್ತೇನೆ.

ತಮ್ಮ ನೋಟದಿಂದ ದೂರವಾಗಿ ಕ್ಷೇಮದಿಂದಿರುವ,
ತಮ್ಮ ವಿಶ್ವಾಸಿ,
ನಯನ
ಮರಳವಾಡಿ

ಮರೆತ ಮಾತು: ಮೇಲೆ ತಮ್ಮ ವರದಿಯನ್ನು ಉಲ್ಲೇಖಿಸುವಾಗ ಗೌರವದಿಂದ ಒಂದು ಪದವನ್ನು ತಿದ್ದಿದ್ದೇನೆ. ತಾವು ಬರೆದದ್ದು ‘ಅನುಮಾನಸ್ಪದ’. ಚನ್ನಪಟ್ಟಣದ ಪತ್ರಿಕೆಯಲ್ಲಿ ‘ಸರಿಯಾದ ರೂಪವನ್ನು ಗುರುತಿಸಿ’ ಎಂದು ಇದೇ ಪದವನ್ನು ಕೇಳಿದ್ದರು. ತಮ್ಮ ವರದಿಯನ್ನು ಅಷ್ಟು ಸಲ ಓದಿದ್ದರಿಂದ, ಯಾವುದು ತಪ್ಪೆಂದು ನನಗೆ ನೋಡಿದೊಡನೆ ತಿಳಿಯಿತು. ಆ ಒಂದು ಅಂಕ ತಮ್ಮದು.