ಆಚಾರ್ಯರ ಕಟ್ಟೆಯೂ ನನ್ನ ಹಿತ್ತಲಿನ ಗ್ರಹಣವೂ

ನಮ್ಮ ಬೈಬಲಿನ ಹತ್ತು ಆಜ್ಞೆಗಳಲ್ಲಿ ಹೆಚ್ಚಿನವನ್ನು ಪಾಲಿಸುವುದು ನನ್ನಂಥ ಹೈಸ್ಕೂಲು ಮಾಸ್ತರನಿಗೆ ಅಷ್ಟೇನೂ ಕಷ್ಟವಲ್ಲ. ಕೊಲೆ ಮಾಡಲು ಧೈರ್ಯ ಬೇಕು, ಕದಿಯಲು ಚುರುಕುತನ ಬೇಕು; ಎರಡೂ ನನ್ನಲ್ಲಿಲ್ಲ. ತೊಡಕಾದದ್ದು ಕೊನೆಯದು. ನೆರೆಯವನ ಮನೆಗಾಗಲಿ ಎತ್ತಿಗಾಗಲಿ ಕತ್ತೆಗಾಗಲಿ ಆಸೆಪಡಬೇಡ ಎಂದು ಅದು ಹೇಳುತ್ತದೆ. ನನ್ನ ನೆರೆಯವರಾದ ಭೀಮಾಚಾರ್ಯರಿಗೆ ಎತ್ತೂ ಇರಲಿಲ್ಲ, ಕತ್ತೆಯೂ ಇರಲಿಲ್ಲ. ಮನೆಯಂತೂ ಮಳೆ ಬಂದರೆ ನನ್ನ ಮನೆಗಿಂತ ಒಂದು ತಾಸು ಮೊದಲೇ ಸೋರುತ್ತಿತ್ತು. ನಾನು ಆಸೆಪಟ್ಟದ್ದು ಆ ಪಟ್ಟಿಯಲ್ಲೇ ಇಲ್ಲದ ಒಂದು ಆಸ್ತಿಗೆ. ಬೆಳಗಾದರೆ ಅವರ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ ಜನರಿಗೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಮುಚ್ಚಿಡುವುದೇನಿದೆ.

ಇದು ಇಳಕಲ್ಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದ ಕಾಲದ ಮಾತು. ನಮ್ಮದು ನೇಕಾರರ ಓಣಿ. ಮಗ್ಗಕ್ಕೆ ಹೊಸ ಹಾಸು ಏರಿಸಲು ಯಾವ ದಿನ ಒಳ್ಳೆಯದು, ತಪ್ಪಿಸಿಕೊಂಡ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ, ಹುನಗುಂದದ ವರ ಆದೀತೋ ಬಾದಾಮಿಯ ವರ ಆದೀತೋ, ಎಲ್ಲಕ್ಕೂ ಆಚಾರ್ಯರ ಪಂಚಾಂಗವೇ ಗತಿ. ಸೂರ್ಯಚಂದ್ರರ ವಿಷಯವನ್ನು ಪಾಸು ಮಾಡಿ ಸರ್ಟಿಫಿಕೇಟು ತಂದವನು ನಾನು, ಗೋಡೆಯ ಈಚೆ ನೊಣ ಹೊಡೆಯುತ್ತ ಕೂತಿರುತ್ತಿದ್ದೆ. ನನ್ನ ಹತ್ತಿರವೂ ಜನ ಬರುತ್ತಿರಲಿಲ್ಲವೆಂದಲ್ಲ. ದವಾಖಾನೆಯ ಬಾಟಲಿಯ ಮೇಲಿನ ಇಂಗ್ಲಿಷು ಓದಿಸಲು ಬರುತ್ತಿದ್ದರು, ಓದಿಸಿಕೊಂಡು, ಆ ಔಷಧ ಯಾವ ವಾರ ಶುರು ಮಾಡಬೇಕೆಂದು ಕೇಳಲು ಅಲ್ಲಿಂದ ನೇರವಾಗಿ ಆಚಾರ್ಯರ ಕಟ್ಟೆ ಹತ್ತುತ್ತಿದ್ದರು.

ಒಮ್ಮೆ ಎದುರುಮನೆಯ ಗಂಗವ್ವ ತನ್ನ ಮಗನಿಗೆ ಸಾಡೇಸಾತಿ ಹತ್ತಿದೆ, ಶನಿ ಏಳೂವರೆ ವರ್ಷ ಬಿಡುವುದಿಲ್ಲವಂತೆ ಎಂದು ಅಳುತ್ತ ಕೂತಿದ್ದಳು. ಇದೇ ಸಮಯವೆಂದು ನಾನು ಶನಿಗ್ರಹ ನಮ್ಮಿಂದ ಎಷ್ಟು ಕೋಟಿ ಮೈಲಿ ದೂರದಲ್ಲಿದೆ, ಅದಕ್ಕೆ ಇಳಕಲ್ಲು ಎಲ್ಲಿದೆಯೆಂದೂ ಗೊತ್ತಿಲ್ಲ ಎಂದು ಕೈಯಾಡಿಸಿ ವಿವರಿಸಿದೆ. ಗಂಗವ್ವ ಪೂರ್ತಿ ಕೇಳಿ ಕಣ್ಣೊರೆಸಿಕೊಂಡು, "ಅಷ್ಟ ದೂರದಾಗ ಕುಂತು ಇಷ್ಟ ಕಾಡ್ತಾನಂದ್ರ, ಸಮೀಪ ಬಂದ್ರ ನಮ್ಮ ಗತಿ ಏನ್ರಿ ಮಾಸ್ತರ?" ಎಂದು ಕೇಳಿ, ಇನ್ನಷ್ಟು ಗಾಬರಿಯಾಗಿ ಆಚಾರ್ಯರ ಮನೆಗೆ ಓಡಿದಳು. ಅವರಿಗೆ ಗಿರಾಕಿಯನ್ನು ನಾನೇ ಕಳಿಸಿಕೊಟ್ಟಂತಾಯಿತು.

ಈ ಉರಿಯನ್ನು ನಾನು ನಮ್ಮ ಪಾದ್ರಿಗಳ ಹತ್ತಿರ ಧರ್ಮದ ಚಿಂತೆಯೆಂದು ಹೇಳಿಕೊಂಡೆ. ಅವರು ಒಳ್ಳೆಯ ಮನುಷ್ಯರು, ಮುಂದಿನ ಭಾನುವಾರ ಅದನ್ನೇ ಪ್ರಸಂಗಕ್ಕೆ ಎತ್ತಿಕೊಂಡರು. ಆಕಾಶದ ದೀಪಗಳನ್ನು ದೇವರು ಇಟ್ಟದ್ದು ದಿನ, ಋತು, ವರುಷಗಳನ್ನು ನಾವು ಎಣಿಸಿಕೊಳ್ಳಲೆಂದು. ಮಗಳ ಮದುವೆ ಯಾವಾಗ ಎಂದು ಅವುಗಳನ್ನು ಕೇಳಲಿಕ್ಕಲ್ಲ. ದೀಪ ಹಚ್ಚಿದವನು ಮನೆಯಲ್ಲೇ ಇರುವಾಗ ದೀಪದ ಹತ್ತಿರ ವಿಚಾರಿಸುವುದೇಕೆ ಎಂದರು. ಇದನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಅಂದು ಎಲ್ಲರಿಗಿಂತ ಜೋರಾಗಿ ಆಮೆನ್ ಎಂದದ್ದು ನನ್ನ ನಂಬಿಕೆಯಲ್ಲ. ಮನೆಗೆ ಬರುವ ದಾರಿಯಲ್ಲಿ ನನ್ನ ಹೆಂಡತಿ ಎಸ್ತೇರ್, ಆ ಆಮೆನ್ ದೇವರಿಗೆ ಮುಟ್ಟಿತೋ ಇಲ್ಲವೋ, ಆಚಾರ್ಯರಿಗಂತೂ ಮುಟ್ಟಿರಬೇಕು ಎಂದಳು.

ಆಚಾರ್ಯರೂ ಏನು ಕಡಿಮೆಯವರಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ನಮ್ಮ ಮನೆಯಿಂದ ಬಾಳೆಹಣ್ಣಿನ ಚಿಪ್ಪು ಹೋಗುತ್ತಿತ್ತು. ಬೇಯಿಸಿದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಹಣ್ಣು ತೆಗೆದುಕೊಂಡು, ನಿಮ್ಮ ಸ್ವಾಮಿ ಹುಟ್ಟಿದ್ದನ್ನು ಮೊದಲು ಕಂಡುಹಿಡಿದವರು ಯಾರೆಂದು ಏನೂ ಅರಿಯದವರಂತೆ ಕೇಳುತ್ತಿದ್ದರು. ನಕ್ಷತ್ರ ನೋಡಿ ಬಂದವರು ಎಂದು ನಾನು ತೊದಲಬೇಕು. ಹಾಗೆ ಬಂದವರಿಗೆ ನಮ್ಮ ಕನ್ನಡ ಬೈಬಲಿನಲ್ಲಿ ಇರುವ ಹೆಸರು ಜೋಯಿಸರು ಎಂದೇ. ವರ್ಷಕ್ಕೊಮ್ಮೆ ಹೀಗೆ ನನ್ನ ಹಬ್ಬದ ದಿನವೇ ನನ್ನನ್ನು ಸೋಲಿಸಿ, ಹಣ್ಣು ಸುಲಿಯುತ್ತಿದ್ದರು.

ಹೀಗಿರುವಾಗ ಎಂಬತ್ತನೆಯ ಇಸವಿಯ ಖಗ್ರಾಸ ಸೂರ್ಯಗ್ರಹಣ ಬಂತು, ಅದೂ ನಮ್ಮ ಭಾಗದ ನೆತ್ತಿಯ ಮೇಲೆಯೇ. ನನ್ನ ದಿನ ಬಂತೆಂದು ಕುಣಿದುಬಿಟ್ಟೆ. ಸಾಲೆಯಲ್ಲಿ ಹೇಳಿದೆ, ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಿದೆ: ನಮ್ಮ ಹಿತ್ತಲಿಗೆ ಬನ್ನಿ, ಕಣ್ಣಿಗೆ ಅಪಾಯವಿಲ್ಲದಂತೆ ನಾನು ತೋರಿಸುತ್ತೇನೆ. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಬಿಂಬ ಬೀಳಲು ಎಸ್ತೇರಳ ಬಿಳಿ ಚಾದರ ಕಟ್ಟಿದೆ. ಬಂದವರು ಕೂರಲೆಂದು ಚರ್ಚಿನಿಂದ ಎರಡು ಜಮಖಾನೆಗಳನ್ನೂ ತಂದೆ. ಎಲ್ಲರೂ ಬರುತ್ತೇವೆ ಎಂದರು. ನಮ್ಮ ಕಡೆ ಬರುವುದಿಲ್ಲ ಎಂದು ಮುಖಕ್ಕೆ ಹೇಳುವ ಪದ್ಧತಿ ಇಲ್ಲವೆಂಬುದು ನನಗೆ ನೆನಪಾಗಬೇಕಿತ್ತು.

ಅತ್ತ ಆಚಾರ್ಯರು ಸ್ಪರ್ಶ, ಮಧ್ಯ, ಮೋಕ್ಷ ಎಂದು ಮೂರು ವೇಳೆಗಳನ್ನು ಸ್ಲೇಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ್ದರು. ನಾನು ಪತ್ರಿಕೆಯಲ್ಲಿ ಬಂದ ವೇಳೆಯನ್ನು ಚೀಟಿಯಲ್ಲಿ ಬರೆದುಕೊಂಡು, ಹಾದುಹೋಗುವವನಂತೆ ಹೋಗಿ ತಾಳೆ ನೋಡಿದೆ. ಒಂದು ನಿಮಿಷದ ಫರಕು. ದೊಡ್ಡ ದೊಡ್ಡ ದುರ್ಬೀನುಗಳಿಟ್ಟುಕೊಂಡವರ ಲೆಕ್ಕಕ್ಕೂ ನೆಲದ ಮೇಲೆ ಕೂತು ಬಳಪದಿಂದ ಗುಣಿಸಿದ ಈ ಮುದುಕರ ಲೆಕ್ಕಕ್ಕೂ ಒಂದೇ ನಿಮಿಷ. ಆ ರಾತ್ರಿ ನಾನು ಮಾಡಿದ ಪ್ರಾರ್ಥನೆಯನ್ನು ಹೇಳಲು ನಾಚಿಕೆಯಾಗುತ್ತದೆ. ಯುದ್ಧದಲ್ಲಿ ಯೆಹೋಶುವನಿಗಾಗಿ ಸೂರ್ಯನನ್ನು ಹಗಲಿಡೀ ನಿಲ್ಲಿಸಿದ ದೇವರಲ್ಲಿ, ಆಚಾರ್ಯರ ಲೆಕ್ಕ ತಪ್ಪಲೆಂದು ನಾನು ಬೇಡಿದ್ದು ಬರೀ ಹತ್ತು ನಿಮಿಷದ ತಡ. ಹಾಗಾದರೆ ವಿಜ್ಞಾನವೂ ಸುಳ್ಳಾಗುತ್ತದೆಂಬುದು ಹೊಟ್ಟೆಕಿಚ್ಚಿನಲ್ಲಿ ಹೊಳೆಯಲೇ ಇಲ್ಲ.

ಗ್ರಹಣದ ಮಧ್ಯಾಹ್ನ ಓಣಿಯ ಎಲ್ಲ ಮಗ್ಗಗಳೂ ನಿಂತವು. ಬಾಗಿಲು ಕಿಟಕಿ ಎಲ್ಲ ಬಂದ್. ಹಿತ್ತಲಲ್ಲಿ ನಾನು, ಎರಡು ಜಮಖಾನೆ, ಒಂದು ಚಾದರ. ಒಬ್ಬರೂ ಬರಲಿಲ್ಲ. ಎಸ್ತೇರಳನ್ನಾದರೂ ಕರೆಯೋಣವೆಂದು ಅಡುಗೆಮನೆಗೆ ಹೋದರೆ ಅವಳು ಉಪ್ಪಿನಕಾಯಿ ಭರಣಿಯ ಮೇಲೆ ಗರಿಕೆಯ ಎಳೆ ಇಡುತ್ತಿದ್ದಳು. ನೀನೂ ಹೀಗೆ ಮಾಡಿದರೆ ಹೇಗೆ ಎಂದು ರೇಗಿದೆ. "ನನ್ನ ನಂಬಿಕಿ ದೇವರ ಮ್ಯಾಲನ ಐತ್ರಿ. ಆದ್ರ ಉಪ್ಪಿನಕಾಯಿ ಗಂಗವ್ವ ಹಾಕಿಕೊಟ್ಟಿದ್ದು," ಎಂದಳು.

ಹೊರಗೆ ಬೆಳಕು ಬಣ್ಣಗೆಡತೊಡಗಿತು. ನಮ್ಮ ಬೇವಿನ ಮರದ ಕೆಳಗೆ ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳೆಲ್ಲ ಕತ್ತರಿಸಿಟ್ಟ ಉಗುರಿನ ಹಾಗೆ ಬಾಗಿದವು. ನೂರಾರು ಪುಟ್ಟ ಸೂರ್ಯರು ನೆಲದ ತುಂಬ. ತೋರಿಸಲು ಒಬ್ಬರಿಲ್ಲ. ನನಗೆ ನಿಜವಾಗಿ ಅಳು ಬಂತು. ಆಗ ಹಿತ್ತಲ ಬಾಗಿಲು ಯಾರೋ ಮೆಲ್ಲಗೆ ಸರಿಸಿದರು. ತಲೆಯ ಮೇಲೆ ಬಿಳಿ ಧಾಬಳಿ ಹೊದ್ದು, ಗ್ರಹಣಸ್ನಾನದ ಒದ್ದೆ ಧೋತರದಲ್ಲಿ ನಡುಗುತ್ತ ಭೀಮಾಚಾರ್ಯರು ನಿಂತಿದ್ದರು.

"ಮಾಸ್ತರ, ಐವತ್ತ ವರ್ಷ ಗ್ರಹಣದ ಲೆಕ್ಕ ಹಾಕೀನ್ರಿ. ಒಂದೂ ಕಣ್ಣೀಲೆ ನೋಡಿಲ್ಲ. ಒಂದ ಗಳಿಗಿ ಇಲ್ಲಿ ನಿಂದರಲ್ಯಾ?"

ಜಪಕ್ಕೆ ಕೂತಿರಬೇಕಾದವರು. ಮಡಿ ಬಿಟ್ಟು, ಅದೂ ಕ್ರಿಸ್ತುವರ ಹಿತ್ತಲಿಗೆ. ನಾನು ಜಮಖಾನೆ ತೋರಿಸಿದೆ. ಅವರು ಕೂರಲಿಲ್ಲ. ಚಾದರದ ಮೇಲೆ ಸಣ್ಣಗಾಗುತ್ತಿದ್ದ ಬಿಂಬವನ್ನು, ಮರದ ಕೆಳಗಿನ ಉಗುರುಗಳನ್ನು ಬಗ್ಗಿ ಬಗ್ಗಿ ನೋಡಿದರು. ಮೂರೂವರೆ ದಾಟಿತ್ತು, ಒಮ್ಮೆಲೇ ಕತ್ತಲೆ ಕವಿಯಿತು. ಈಗ ಬರಿಗಣ್ಣಿನಿಂದ ನೋಡಬಹುದು ಎಂದೆ. ಕಪ್ಪು ಸೂರ್ಯ, ಸುತ್ತ ಬೆಳ್ಳಿ ಬೆಳಕು. ನಾನು ಬಾಯಿ ತೆರೆದು ನಿಂತಿದ್ದಾಗ ಅವರು ಬೆರಳೆತ್ತಿ, ಅಗೋ ಶುಕ್ರ ಎಂದರು. ಅದಕ್ಕೂ ಕೆಳಗೆ ಸೂರ್ಯನ ಹತ್ತಿರದ ಚುಕ್ಕೆಯನ್ನು ತೋರಿಸಿ, ಅಗೋ ಬುಧ ಎಂದರು. ಹದಿನೈದು ವರ್ಷ ಬುಧಗ್ರಹದ ಪಾಠ ಮಾಡಿದ್ದೇನೆ, ಅದನ್ನು ನೋಡಿದ್ದು ಅಂದೇ ಮೊದಲು. ಅವರೂ ಅಂದೇ ಮೊದಲು ನೋಡಿದ್ದು, ಆದರೆ ಎಲ್ಲಿರುತ್ತದೆಂದು ಅವರಿಗೆ ಗೊತ್ತಿತ್ತು. ಮುದುಕರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಆ ಎರಡು ನಿಮಿಷದಲ್ಲೂ ನಾನು ಅವರ ಮೇಲೆ ಹೊಟ್ಟೆಕಿಚ್ಚುಪಟ್ಟೆ ಎಂದರೆ ನಂಬುತ್ತೀರಾ?

ಬೆಳಕು ಮರಳಿದೊಡನೆ ಅವರಿಗೆ ಭಯ ಮರಳಿತು. "ಓಣ್ಯಾಗ ಹೇಳಬ್ಯಾಡ್ರಿ. ಇದು ಹೊರಗ ಬಿತ್ತಂದ್ರ ನಾಳಿಂದ ನನ್ನ ಕಟ್ಟಿ ಯಾರೂ ಹತ್ತೂದಿಲ್ಲ," ಎಂದು ಕೈಮುಗಿದು ಹೋದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಓಣಿಯ ಅರ್ಧ ಜನ ನನ್ನ ಅಂಗಳದಲ್ಲಿ. ಗಂಗವ್ವ ಕಿಟಕಿಯ ಸಂದಿಯಿಂದ, ತಲೆಯ ತುಂಬ ಬಿಳಿ ಹೊದ್ದುಕೊಂಡವರೊಬ್ಬರು ನನ್ನ ಹಿತ್ತಲಿಗೆ ನುಗ್ಗಿದ್ದನ್ನು ಕಂಡಿದ್ದಳಂತೆ. ಅವರು ಯಾರೆಂದು ಎಲ್ಲರಿಗೂ ತಿಳಿಯಬೇಕು. ಎಷ್ಟು ವರ್ಷ ಕಾದಿದ್ದೆ ಈ ಜನ ನನ್ನಲ್ಲಿಗೆ ಒಂದು ಪ್ರಶ್ನೆ ಹೊತ್ತು ಬರಲಿ ಎಂದು. ಒಂದು ಹೆಸರು ಬಾಯಿಂದ ಬಿದ್ದರೆ ಸಾಕು, ಪಕ್ಕದ ಕಟ್ಟೆ ಖಾಲಿ. ಹೆಸರು ನಾಲಿಗೆಯ ತುದಿಗೆ ಬಂದೂ ಇತ್ತು. ನಡುಗುತ್ತಿದ್ದ ಒದ್ದೆ ಧೋತರ ಕಣ್ಣಿಗೆ ಕಟ್ಟಿತು. ನಮ್ಮ ಪಾದ್ರಿಗಳು ಬಂದಿದ್ದರು ಎಂದುಬಿಟ್ಟೆ. ಬಿಳಿ ನಿಲುವಂಗಿಯ ಪಾದ್ರಿಗಳು, ಜನ ಒಪ್ಪಿದರು. ನನ್ನ ಅಂಗಳ ಎರಡೇ ನಿಮಿಷದಲ್ಲಿ ಖಾಲಿಯಾಗಿ, ಪಕ್ಕದ ಕಟ್ಟೆ ತುಂಬಿತು.

ನಿಜವೇನೆಂದರೆ ಪಾದ್ರಿಗಳು ಅಂದು ಕಿಟಕಿಗೆಲ್ಲ ಕಂಬಳಿ ಕಟ್ಟಿಕೊಂಡು ಮಲಗಿದ್ದರು. ಅವರ ಹೆಂಡತಿಯೇ ಎಸ್ತೇರಳಿಗೆ ಹೇಳಿದ್ದರು. ಆದರೆ ವಾರವಿಡೀ ಬಜಾರಿನಲ್ಲಿ ಜನ ಅವರನ್ನು ನಿಲ್ಲಿಸಿ, ನೀವು ನೋಡಿದಿರಂತೆ, ಹೇಗಿತ್ತು ಎಂದು ಕೇಳಿದರು. ಎರಡು ದಿನ ಇಲ್ಲವೆಂದರಂತೆ, ಮೂರನೆಯ ದಿನ ಮುಗುಳ್ನಕ್ಕರಂತೆ. ಭಾನುವಾರ ಪೀಠದಿಂದ ಗ್ರಹಣದ ವರ್ಣನೆಯನ್ನೇ ಮಾಡಿದರು. ಸೂರ್ಯನು ರಕ್ತದಂತೆ ಕೆಂಪಾದನು ಎಂದರು. ಕೆಂಪೂ ಇಲ್ಲ ಏನೂ ಇಲ್ಲ, ಬೆಳ್ಳಿ ಎಂದು ಎದ್ದು ನಿಂತು ಕೂಗಬೇಕೆನಿಸಿತು. ಕೂಗಿದರೆ ನನ್ನ ಸುಳ್ಳು ಹೊರಬೀಳುತ್ತದೆ. ಆರಾಧನೆ ಮುಗಿದ ಮೇಲೆ ಸಭೆಯೆಲ್ಲ ಅವರ ಸುತ್ತ ನೆರೆಯಿತು. ಇಬ್ಬರು ನೇಕಾರರೂ ಬಂದಿದ್ದರು, ಕೇಳಲು.

ಅಂದಿನಿಂದ ನನ್ನ ಹೊಟ್ಟೆಕಿಚ್ಚು ಒಬ್ಬರಿಂದ ಇಬ್ಬರಿಗೆ ಹಂಚಿಹೋಗಿದೆ. ಕಂಡದ್ದನ್ನು ಕಂಡ ಹಾಗೆ ಮಾತಾಡಿಕೊಳ್ಳಲು ಇಡೀ ಇಳಕಲ್ಲಿನಲ್ಲಿ ನನಗಿದ್ದದ್ದು ಭೀಮಾಚಾರ್ಯರೊಬ್ಬರೇ. ಮಾತಾಡಬೇಕೆನಿಸಿದಾಗ ಹೋಗುತ್ತಿದ್ದೆ. ಆದರೆ ಎಮ್ಮೆ ಕಳೆದುಕೊಂಡವರು, ಹಾಸು ಏರಿಸುವವರು, ವರ ಹುಡುಕುವವರು ಎಲ್ಲರ ಹಿಂದೆ, ಕಟ್ಟೆಯ ತುದಿಯಲ್ಲಿ ನನ್ನ ಪಾಳಿ ಬರುವವರೆಗೆ ಕೂತಿರಬೇಕಾಗುತ್ತಿತ್ತು.