ಎದುರಿನ ವಿಯೆಟ್ನಾಂ ಹೋಟೆಲು, ನನ್ನ ಮುರಿದ ಬಲಗೈ

ಎರಡು ಅಡುಗೆಮನೆ ಎದುರುಬದುರಾಗಿದ್ದರೆ ದಿನಕ್ಕೊಂದು ಫಜೀತಿ ಆಗಲೇಬೇಕು. ಗಂಗಾವತಿಯಲ್ಲಿ ನನ್ನದು ರೊಟ್ಟಿ ಖಾನಾವಳಿ, ಯಾರ ಹಂಗಿಲ್ಲದೆ ಒಬ್ಬಳೇ ಕಟ್ಟಿದ್ದು. ಎದುರಿಗೆ ವಿಯೆಟ್ನಾಂ ಊಟದ ಹೋಟೆಲು. ನಡೆಸುವವನು ನಮ್ಮ ಕುಷ್ಟಗಿ ಕಡೆಯವನು. ಆ ದೇಶಕ್ಕೆ ಅಡುಗೆ ಕೆಲಸಕ್ಕೆ ಹೋಗಿ, ಅಲ್ಲಿಯವಳನ್ನೇ ಮದುವೆಯಾಗಿ ಬಂದವನು.

ಈಚೆಗೆ ನಾನು ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡೆ. ರೊಟ್ಟಿ ಬಡಿಯುವವಳು ನಾನೊಬ್ಬಳೇ. ಬರೀ ಅನ್ನ-ಸಾರು ಬಡಿಸಿ ಎಷ್ಟು ದಿನ ಗಿರಾಕಿ ಹಿಡಿಯಲಿ? ಖಾನಾವಳಿಗೆ ಬೀಗ ಬೀಳುವುದೊಂದು ಬಾಕಿ ಇತ್ತು. ಅಂಥದರಲ್ಲೂ ನಗಿಸಿದವರು ಆ ಗಂಡ-ಹೆಂಡತಿ.

೧. ಹಸಿ ಹಪ್ಪಳ

ನನ್ನಲ್ಲಿ ರೊಟ್ಟಿ ಇಲ್ಲವೆಂದು ರೈಸ್ ಮಿಲ್ಲಿನ ನಾಲ್ವರು ಹಮಾಲರು ಎದುರಿಗೆ ಹೋದರು. ಅಲ್ಲೊಂದು ತಿಂಡಿ: ಅಕ್ಕಿಯ ತೆಳು ಹಾಳೆಯನ್ನು ಬೆಚ್ಚನೆಯ ನೀರಲ್ಲಿ ಅದ್ದಿ, ಒಳಗೆ ಸೊಪ್ಪು-ತರಕಾರಿ ಇಟ್ಟು, ಸುತ್ತಿ ತಿನ್ನಬೇಕು. ಇವರು ಆ ನೀರಲ್ಲಿ ಕೈ ತೊಳೆದುಕೊಂಡರು. ಹಾಳೆಗಳನ್ನು ಹಿಡಿದು ರಸ್ತೆ ದಾಟಿ ನನ್ನ ಒಲೆಯ ಹತ್ತಿರ ಬಂದರು.

"ಅಕ್ಕಾರ, ಹಪ್ಪಳ ಹಸೀವು ಕೊಟ್ಟಾರ. ಒಂದಿಷ್ಟು ಕರದು ಕೊಡ್ರಿ."

ಎಡಗೈಯಲ್ಲೇ ಕರಿದುಕೊಟ್ಟೆ. ಚೆನ್ನಾಗಿಯೇ ಉಬ್ಬಿದವು. ವಾರ ಕಳೆಯುವುದರೊಳಗೆ ಹೋಟೆಲಿನವನೇ ಓಡಿಬಂದ.

"ಅಕ್ಕಾರ, ವಿಯೆಟ್ನಾಂ ಊಟ ಯಾರೂ ಕೇಳವಲ್ರು. ಎಲ್ಲಾರೂ ನೀವು ಕರದದ್ದನ್ನ ಕೇಳಾಕತ್ತಾರ!"

೨. ಓದಿದ ಊಟ

"ಕೈ ಆರಾಮಾಗೋ ಮಟ ನಮ್ಮಲ್ಲೇ ಊಟ ಮಾಡ್ರಿ," ಎಂದು ಗಂಡ-ಹೆಂಡತಿ ಇಬ್ಬರೂ ಬೆನ್ನು ಬಿದ್ದರು. ಪುಕ್ಕಟೆ ಉಣ್ಣುವವಳಲ್ಲ, ಗಿರಾಕಿಯಾಗಿ ಬರುತ್ತೇನೆ ಎಂದೆ.

ಸಾಲಿಯ ಮೆಟ್ಟಿಲು ಹತ್ತದೆ, ಬಸ್ಸಿನ ಬೋರ್ಡು, ಕಿರಾಣಿ ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವಳು ನಾನು. ಕೈಗೆ ಬಂದದ್ದನ್ನು ಪೂರಾ ಓದದೆ ಬಿಡುವವಳಲ್ಲ. ಮೆನು ಕನ್ನಡದಲ್ಲೇ ಇತ್ತು, ಆರು ಪುಟ.

"ಯಾವುದು ಛಲೋ ಐತಿ ನಾ ಹೇಳ್ತೀನಿ ಬಿಡ್ರಿ," ಎಂದ ಹೋಟೆಲಿನವನು.

"ನನಗ ಓದಾಕ ಬರ್ತೈತಿ."

ಆರನೆಯ ಪುಟ ಮುಗಿಸಿ ತಲೆ ಎತ್ತಿದರೆ, ಮಧ್ಯಾಹ್ನದ ಊಟ ಮುಗಿದು ನೆಲ ಒರೆಸುತ್ತಿದ್ದರು.

"ಈಗ ಏನೈತಿ?"

"ನೀವು ಓದಿದ್ದೊಂದೂ ಇಲ್ರಿ."

ಹೆಂಡತಿ ತನಗಾಗಿ ಎತ್ತಿಟ್ಟುಕೊಂಡಿದ್ದ ಸಾರಿನ ಬಟ್ಟಲನ್ನೇ ತಂದು ನನ್ನ ಮುಂದಿಟ್ಟಳು. ಅಂಥ ರುಚಿ ನಾನು ಕಂಡಿರಲಿಲ್ಲ. ಆರೂ ಪುಟ ಓದಿದ್ದೆನಲ್ಲ, ಆ ಸಾರೊಂದೇ ಅದರಲ್ಲಿ ಇರಲಿಲ್ಲ!

೩. ತೆಳ್ಳನೆಯ ರೊಟ್ಟಿ

ಕಡೆಗೆ ಬೀಗ ಹಾಕಲೆಂದೇ ನಿಂತಿದ್ದೆ. ಹೋಟೆಲಿನವನ ಹೆಂಡತಿ ನನ್ನನ್ನು ಸರಿಸಿ ಒಳಗೆ ನುಗ್ಗಿ, ಹಿಟ್ಟಿನ ಪರಾತದ ಮುಂದೆ ಕುಳಿತಳು.

"ಅಕ್ಕಾ, ನೀ ಹೇಳು. ನಾ ಮಾಡು."

"ಯವ್ವಾ, ಇದು ಜ್ವಾಳ. ನಿನಗ ಆಗಂಗಿಲ್ಲ, ಏಳು."

ಏಳಲಿಲ್ಲ. ಹಟದಲ್ಲಿ ನನ್ನನ್ನೂ ಮೀರಿಸಿದವಳು. ಎರಡು ದಿನ ಬೈದು ಕಲಿಸಿದೆ. ಮೂರನೆಯ ದಿನದಿಂದ, ತನ್ನ ಹೋಟೆಲು ತೆರೆಯುವ ಮುಂಚೆಯೇ ನನ್ನ ರೊಟ್ಟಿ ಬಡಿದಿಟ್ಟು ಹೋಗತೊಡಗಿದಳು. ಕೈ ಮುಗಿಯೋಣವೆಂದರೆ ನನಗಿದ್ದದ್ದು ಒಂದೇ ಕೈ.

ಅವು ನನ್ನ ರೊಟ್ಟಿಗಿಂತ ತೆಳ್ಳಗೆ, ಅವಳ ಅಕ್ಕಿ ಹಾಳೆಯಂತೆಯೇ ಬರುತ್ತಿದ್ದವು. ಗಿರಾಕಿಗಳು ಮರಳಿ ಬಂದರು. ಬಡಿದವರು ಯಾರೆಂದು ನಾನು ಬಾಯಿ ಬಿಡಲಿಲ್ಲ, ಹೇಳಲು ನನ್ನ ಬಿಂಕ ಬಿಡಬೇಕಲ್ಲ! ಮೊದಲಿನಿಂದಲೂ ನನ್ನಲ್ಲೇ ಉಣ್ಣುವ ನಿವೃತ್ತ ಮಾಸ್ತರರೊಬ್ಬರು ಐದನೆಯ ರೊಟ್ಟಿ ಮುರಿಯುತ್ತ, ಪ್ಲಾಸ್ಟರ್ ಹಾಕಿದ ನನ್ನ ಕೈ ನೋಡಿದರು.

"ಏನವ್ವಾ, ಇವನ್ನ ಎಡಗೈಲೆ ಬಡದೀಯೇನು?"

ನಾನು ಪಲ್ಯದ ಪಾತ್ರೆಯನ್ನು ಅವರತ್ತ ಸರಿಸಿದೆ.

"ಹಂಗಾದ್ರ ಇಷ್ಟು ವರ್ಷ ಬಲಗೈಲೆ ಏನ್ ಮಾಡ್ತಿದ್ದಿ?"

ಇನ್ನು ಬಿಂಕ ಸಾಕೆನಿಸಿತು. ಎದುರಿನಿಂದ ಅವಳನ್ನು ಕರೆತಂದು ಎಲ್ಲರ ಮುಂದೆ ನಿಲ್ಲಿಸಿದೆ.

"ಬಡದಾಕಿ ಇಕಿ, ನೋಡ್ರಿ. ಈ ಖಾನಾವಳಿ ಉಳಿಸಿದಾಕೀನೂ ಇಕೀನ."

ಮಾಸ್ತರರು ಅವಳನ್ನು ನೋಡಿದರು, ನನ್ನ ಪ್ಲಾಸ್ಟರ್ ನೋಡಿದರು, ಆರನೆಯ ರೊಟ್ಟಿಗೆ ಕೈ ಹಾಕಿದರು.

"ಯವ್ವಾ, ಗಡಬಡಿ ಮಾಡಬ್ಯಾಡ. ಪ್ಲಾಸ್ಟರ್ ಇನ್ನೊಂದು ವರ್ಷ ಇರ್ಲಿ."